ಪ್ರಾಸ್ಟೇಟ್ ಕ್ಯಾನ್ಸರ್ ಅಂತ ವರದಿ ಬಂದಿದೆ, ಮುಂದೇನು? (ದಾವಣಗೆರೆ, ದುರ್ಗದ ಕಡೆಯವರಿಗೆ)

ಆನಗೋಡು ತಿರುವು:
ನಮಸ್ಕಾರ. ದೊಡ್ಡಪ್ಪನವರ ವಿಚಾರ. 71 ವರ್ಷ, ಸಕ್ಕರೆ, ಬಿಪಿ ಎರಡೂ ಇದೆ. ಪಿಎಸ್‌ಎ (ಪ್ರಾಸ್ಟೇಟಿನ ರಕ್ತಪರೀಕ್ಷೆ) 38. ಬಯಾಪ್ಸಿಯಲ್ಲಿ 12 ಚೂರು ತೆಗೆದಿದ್ದರಲ್ಲಿ 7ರಲ್ಲಿ ಕ್ಯಾನ್ಸರ್, ಗ್ಲೀಸನ್ 4+4=8. ಬೋನ್ ಸ್ಕ್ಯಾನ್ ಬರೆದಿದ್ದಾರೆ, ಇನ್ನೂ ಆಗಿಲ್ಲ. ಇಂಜೆಕ್ಷನ್ ಇಲ್ಲಾಂದ್ರೆ ಬೀಜ ತೆಗೆಯೋ ಆಪರೇಷನ್, ಯೋಚನೆ ಮಾಡಿ ಅಂದಿದ್ದಾರೆ.

ಮನೇಲಿ ಒಬ್ಬೊಬ್ಬರದು ಒಂದೊಂದು. ಒಬ್ಬರು ಇವತ್ತೇ ರಾತ್ರಿ ಬಸ್ಸಿಗೆ ಬೆಂಗಳೂರು ಅಂತಾರೆ, ಒಬ್ಬರು ಅವರಿಗೆ ಹೇಳಲೇಬೇಡಿ ಅಂತಾರೆ, ಇನ್ನೊಬ್ಬರು ಮಲೆನಾಡಿನ ಕಡೆ ಚಕ್ಕೆ ಕಷಾಯ ತರೋಣ ಅಂತ ಗಾಡಿ ಮಾತಾಡಿ ಆಗಿದೆ. 10ಕ್ಕೆ 8 ಅಂದ್ರೆ ಕೊನೇ ಹಂತಾನಾ? ಎಷ್ಟು ಅವಸರ ಮಾಡಬೇಕು? ಬಿಪಿಎಲ್ ಕಾರ್ಡ್ ಇದೆ. ಧೈರ್ಯ ಹೇಳೋರು ಮನೆ ತುಂಬ ಇದ್ದಾರೆ, ಇಲ್ಲಿ ಕೆಲಸಕ್ಕೆ ಬರೋದು ಹೇಳಿ.

ಲ್ಯಾಬ್ ಮೂಲೆ:
8 ಅನ್ನೋದು ಹಂತ ಅಲ್ಲ. ಗ್ಲೀಸನ್ ಅಂದ್ರೆ ಸೂಕ್ಷ್ಮದರ್ಶಕದಲ್ಲಿ ಆ ಗಡ್ಡೆಯ ನಮೂನೆ ಎಷ್ಟು ಕೆಟ್ಟಿದೆ ಅನ್ನೋ ಲೆಕ್ಕ. ಹೆಚ್ಚಾಗಿ ಕಾಣೋ ನಮೂನೆಗೆ ಒಂದು ಅಂಕ, ಇನ್ನೊಂದಕ್ಕೆ ಒಂದು ಅಂಕ, ಎರಡೂ ಕೂಡಿಸ್ತಾರೆ. ಈಗಿನ ವರದಿಗಳಲ್ಲಿ ಲೆಕ್ಕ ಶುರುವಾಗೋದೇ 6ರಿಂದ. 3+4, 4+3 ಎರಡೂ 7 ಆದ್ರೂ ಒಂದೇ ಅಲ್ಲ, ಎರಡನೇದು ಜೋರು. ವರದಿಯ ಕೆಳಗೆ ಗ್ರೇಡ್ ಗ್ರೂಪ್ ಅಂತ 1ರಿಂದ 5ರ ಒಳಗೆ ಒಂದು ಸಂಖ್ಯೆ ಇರುತ್ತೆ ನೋಡಿ, 4+4ಕ್ಕೆ ಅದು 4.

ಹಂತ ಅಂದ್ರೆ ಎಲ್ಲಿವರೆಗೆ ಹೋಗಿದೆ ಅನ್ನೋದು. ಸ್ಕ್ಯಾನ್ ಆಗೋವರೆಗೆ ಅದು ಯಾರಿಗೂ ಗೊತ್ತಿಲ್ಲ, ನಿಮಗೂ ಇಲ್ಲ, ಡಾಕ್ಟರಿಗೂ ಇಲ್ಲ. ಪಿಎಸ್‌ಎ 20 ದಾಟಿದ್ರೆ ಅಥವಾ ಗ್ಲೀಸನ್ 8 ಇದ್ರೆ ಹೈ ರಿಸ್ಕ್ ಅಂತಾರೆ. ಅಂದ್ರೆ ಸುಮ್ಮನೆ ನಿಗಾ ಇಟ್ಟು ಕಾಯೋ ಗುಂಪಲ್ಲ, ಚಿಕಿತ್ಸೆ ಬೇಕೇ ಬೇಕು. ಹರಡಿಬಿಟ್ಟಿದೆ ಅಂತ ಅದರ ಅರ್ಥ ಅಲ್ಲ.

ಒಂದು ಕೇಳಬೇಕು. ಅವರು ಮೂತ್ರದ ತೊಂದರೆಗೆ ಮೊದಲೇ ಡ್ಯುಟಾಸ್ಟೆರೈಡ್ ಅಥವಾ ಫಿನಾಸ್ಟೆರೈಡ್ ಇರೋ ಮಾತ್ರೆ ತಗೋತಿದ್ರಾ? ಟ್ಯಾಮ್ಸುಲೋಸಿನ್ ಜತೆ ಸೇರಿಸಿ ಒಂದೇ ಮಾತ್ರೆಯಾಗಿ ಬರುತ್ತೆ, ಜನಕ್ಕೆ ಗೊತ್ತೇ ಇರಲ್ಲ. ಆರು ತಿಂಗಳು ತಗೊಂಡ್ರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತೆ. ಹಂಗಿದ್ರೆ 38 ಅನ್ನೋದನ್ನ 76 ಅಂತ ಓದಬೇಕು. ಹಳೇ ಚೀಟಿ ತೆಗೆದು ನೋಡಿ, ಡಾಕ್ಟರಿಗೆ ಹೇಳಿ.

ಮಂಡಕ್ಕಿ ಮಿರ್ಚಿ:
ಮೊದ್ಲು ಸ್ಕ್ಯಾನ್, ಆಮೇಲೆ ಜಗಳ.

ರಾತ್ರಿಪಾಳಿ:
ಅವಸರದ ವಿಚಾರ ಬಿಡಿಸಿ ಹೇಳ್ತೀನಿ. ಈ ಕ್ಯಾನ್ಸರಿಗೆ ಎರಡು ಮೂರು ವಾರ ಪರೀಕ್ಷೆಗೆ ಹೋದ್ರೆ ಏನೂ ಕೈಮೀರಲ್ಲ. ಆರು ತಿಂಗಳು ಕಷಾಯ ಕುಡೀತಾ ಕೂತ್ರೆ ಮೀರುತ್ತೆ. ಆದ್ರೆ ಇಂಥವು ಕಂಡ್ರೆ ಗಂಟೆ ಲೆಕ್ಕ, ದಿನದ ಲೆಕ್ಕ ಅಲ್ಲ:

ಬೆನ್ನು ನೋವು ಹೊಸದಾಗಿ ಶುರುವಾಗಿ ಕಾಲು ಸೋಲೋದು, ಜೋಮು ಹಿಡಿಯೋದು, ಮಲ ಮೂತ್ರದ ಹಿಡಿತ ತಪ್ಪೋದು. ಬೆನ್ನುಹುರಿ ಮೇಲೆ ಒತ್ತಡ ಬಿದ್ದಿರಬಹುದು. "ವಯಸ್ಸಾಯ್ತು, ಸೊಂಟ ಹಿಡಿದಿದೆ" ಅಂತ ಎಣ್ಣೆ ತಿಕ್ಕಿಸಿ ಎರಡು ದಿನ ಕಳೆದ್ರೆ ಕಾಲು ವಾಪಸ್ ಬರದೇ ಇರಬಹುದು. ನಡೀತಾ ಇರುವಾಗಲೇ ಆಸ್ಪತ್ರೆ ಸೇರಿದವರು ಮತ್ತೆ ನಡೆಯೋ ಸಾಧ್ಯತೆ ಜಾಸ್ತಿ.

ಮೂತ್ರ ಪೂರ್ತಿ ಕಟ್ಟೋದು. ಇದಕ್ಕೆ ಒಂದು ಕಾರಣ ಮನೇಲೇ ಇರುತ್ತೆ: ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ಪು. ಕ್ಲೋರ್‌ಫೆನಿರಮೈನ್, ಸ್ಯೂಡೋಎಫೆಡ್ರಿನ್ ಇರೋವು ಮೂತ್ರ ಕಟ್ಟಿಸ್ತವೆ. ಅಂಗಡೀಲಿ ಕೇಳಿ ತಗೊಳ್ಳೋ ಮುಂಚೆ ಪ್ರಾಸ್ಟೇಟ್ ತೊಂದರೆ ಇದೆ ಅಂತ ಹೇಳ್ಬೇಕು.

ಬಯಾಪ್ಸಿ ಆದ ಮೇಲಿನ ದಿನಗಳಲ್ಲಿ ಚಳಿ ಜ್ವರ. ಪ್ಯಾರಸಿಟಮಾಲ್ ನುಂಗಿ ಬೆಳಗಿನ ತನಕ ನೋಡೋಣ ಅನ್ನೋದು ಬೇಡ, ರಕ್ತಕ್ಕೆ ಸೋಂಕು ಏರಿರಬಹುದು. ಮೂತ್ರದಲ್ಲಿ ಸ್ವಲ್ಪ ಕೆಂಪು, ವೀರ್ಯದಲ್ಲಿ ಕೆಲವು ವಾರ ಕಂದು ಬಣ್ಣ, ಇವು ಮಾಮೂಲಿ, ಹೆದರೋದು ಬೇಡ.

ದುರ್ಗದ ಗಾಳಿ:
ಬೀಜ ತೆಗೆಯೋ ಆಪರೇಷನ್ನೇ ಸರಿ ಕಣ್ರಿ. ಒಂದೇ ಸಲ, ಖರ್ಚು ಕಮ್ಮಿ, ಒಂದು ದಿನದಾಗೆ ಮನೆಗೆ. ಮೂರ್ಮೂರು ತಿಂಗಳಿಗೆ ಇಂಜೆಕ್ಷನ್ ಅಂತ ಸಾಲ ಮಾಡೋರು ಯಾರು? ಹಳ್ಳಿ ಕಡೆಯವರಿಗೆ ಅದೇ ಲೇಸು.

ಲ್ಯಾಬ್ ಮೂಲೆ:
@ದುರ್ಗದ ಗಾಳಿ ಹರಡಿರೋದು ಖಾತ್ರಿ ಆದ್ಮೇಲೆ ನೀವು ಹೇಳೋದು ಸರಿ. ಆಪರೇಷನ್ ಆದ ಒಂದು ದಿನದ ಒಳಗೇ ಈ ಕ್ಯಾನ್ಸರ್ ಬೆಳೆಸೋ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ನೆಲ ಕಚ್ಚುತ್ತೆ, ಇಂಜೆಕ್ಷನ್ನಿಗೆ ಎರಡು ಮೂರು ವಾರ ಬೇಕು. ಆದ್ರೆ ಸ್ಕ್ಯಾನ್ ಆಗದೇ ಆ ತೀರ್ಮಾನ ಯಾಕೆ? ಗಡ್ಡೆ ಗ್ರಂಥಿಯ ಸುತ್ತಮುತ್ತಲೇ ಇದ್ರೆ ಚಿಕಿತ್ಸೆ ಬೇರೆ: ಕರೆಂಟು (ರೇಡಿಯೇಷನ್) ಕೊಡಿಸೋದು, ಜತೆಗೆ 18ರಿಂದ 36 ತಿಂಗಳು ಹಾರ್ಮೋನ್ ಇಂಜೆಕ್ಷನ್. ಅವಧಿ ಮುಗಿದ ಮೇಲೆ ನಿಲ್ಲಿಸ್ತಾರೆ, ಎಷ್ಟೋ ಜನಕ್ಕೆ ಹಾರ್ಮೋನ್ ನಿಧಾನಕ್ಕೆ ವಾಪಸ್ ಬರುತ್ತೆ. ಬೀಜ ತೆಗೆಸಿದ್ರೆ ನಿಲ್ಲಿಸೋ ಮಾತೇ ಇಲ್ಲ. ವಾಸಿಯಾಗೋ ಗುಂಪಿನವರನ್ನ ಜೀವನಪೂರ್ತಿ ಆ ಸ್ಥಿತಿಗೆ ತಳ್ಳಿದ ಹಾಗೆ.

ದುರ್ಗದ ಗಾಳಿ:
ಹರಡಿದ್ರೆ ಅಂತ ನಾನೂ ಹೇಳಿದ್ದು.

ಲ್ಯಾಬ್ ಮೂಲೆ:
ಎಲ್ಲಿ ಹೇಳಿದ್ರಿ? ಮೇಲೆ ಇನ್ನೊಮ್ಮೆ ಓದಿ. ಮತ್ತೆ ಹರಡಿದ್ರೂ ಬರೀ ಬೀಜ ತೆಗೆದು ಸುಮ್ಮನಾಗೋದು ಈಗಿನ ಪದ್ಧತಿ ಅಲ್ಲ. ಅದರ ಜತೆ ಅಬಿರಾಟೆರೋನ್, ಎನ್‌ಜಲುಟಮೈಡ್ ತರಹದ ಮಾತ್ರೆ, ಕೆಲವರಿಗೆ ಮೂರು ವಾರಕ್ಕೊಮ್ಮೆ ಡೋಸಿಟ್ಯಾಕ್ಸೆಲ್ ಕೀಮೋ ಸೇರಿಸ್ತಾರೆ. ಶುರುವಿನಲ್ಲೇ ಸೇರಿಸಿದ್ರೆ ಲಾಭ ಜಾಸ್ತಿ. ಬರೀ ಹಾರ್ಮೋನ್ ಸಾಕಾ, ಜತೆಗೆ ಏನು ಅಂತ ಕೇಳೋ ಹಕ್ಕು ಮನೆಯವರಿಗೆ ಇದೆ.

ಹಳೇ ಪೇಟೆ:
ಸಣ್ಣ ಸೇರ್ಪಡೆ. ಹಾರ್ಮೋನ್ ತಗ್ಗಿಸಿದ್ರೆ ಈ ಕ್ಯಾನ್ಸರ್ ಕುಗ್ಗುತ್ತೆ ಅಂತ ತೋರಿಸಿದ್ದು 1941ರಲ್ಲಿ, ಷಿಕಾಗೊದ ಚಾರ್ಲ್ಸ್ ಹಗಿನ್ಸ್. 1966ರಲ್ಲಿ ನೊಬೆಲ್ ಬಂತು. ಎಂಬತ್ತು ವರ್ಷ ದಾಟಿದ್ರೂ ಚಿಕಿತ್ಸೆಯ ಬುಡ ಅದೇ, ಮೇಲಿನ ರೆಂಬೆ ಮಾತ್ರ ಹೊಸದು.

ಮಂಡಕ್ಕಿ ಮಿರ್ಚಿ:
ಮೇಷ್ಟ್ರೇ, ಇಲ್ಲೂ ಪಾಠಾನಾ 😀

ಮೆಡಿಕಲ್ ಶಾಪ್ ಬೆಂಚು:
ಇಂಜೆಕ್ಷನ್ ವಿಚಾರದಾಗ ಜನ ಎಡವೋದು ಹೇಳ್ತೀನಿ ನೋಡ್ರಿ.

ಲ್ಯುಪ್ರೊಲೈಡ್, ಗೊಸೆರೆಲಿನ್, ಟ್ರಿಪ್ಟೊರೆಲಿನ್ ಇವೆಲ್ಲ ಒಂದೇ ಗುಂಪು. ಮೊದಲ ಒಂದೆರಡು ವಾರ ಇವು ಹಾರ್ಮೋನ್ ಇಳಿಸೋ ಬದ್ಲು ಏರಿಸ್ತಾವ. ಅದಕ್ಕೇ ಬೈಕಲುಟಮೈಡ್ 50 ಮಿಲಿಗ್ರಾಂ ಮಾತ್ರೆ ಸುಮಾರು ವಾರ ಮೊದಲೇ ಶುರು ಮಾಡಿಸಿ, ಇಂಜೆಕ್ಷನ್ ಆದ್ಮೇಲೂ ಎರಡರಿಂದ ನಾಲ್ಕು ವಾರ ಕೊಡ್ತಾರ. ಆ ಮಾತ್ರೆ ಬಿಟ್ಟು ನೇರ ಸೂಜಿ ಚುಚ್ಚಿಸಿಕೊಂಡ್ರೆ, ಮೂಳೆಗೆ ಹರಡಿದೋರಿಗೆ ನೋವು ಜಾಸ್ತಿ ಆಗತೈತಿ, ಬೆನ್ನುಹುರಿಗೆ ಅಪಾಯ. ಡೆಗಾರೆಲಿಕ್ಸ್ ಅನ್ನೋದಕ್ಕೆ ಈ ತಾಪತ್ರಯ ಇಲ್ಲ. ಮೊದಲ ಸಲ ಒಟ್ಟು 240 ಮಿಲಿಗ್ರಾಂ, ಎರಡು ಚುಚ್ಚಿನಾಗ ಹಂಚಿ, ಆಮೇಲೆ ತಿಂಗಳಿಗೆ 80. ಆದ್ರ ಪ್ರತಿ ತಿಂಗಳು ಹೋಗ್ಬೇಕು, ಚುಚ್ಚಿದ ಜಾಗ ಕೆಂಪಾಗಿ ಗಡ್ಡೆ ಕಟ್ಟಿದಂಗ ಆಗತೈತಿ.

ಪೆಟ್ಟಿಗೆ ಮ್ಯಾಲೆ ತಿಂಗಳ ಡೋಸಾ, ಮೂರು ತಿಂಗಳ ಡೋಸಾ ನೋಡ್ರಿ. ಗೊಸೆರೆಲಿನ್ 3.6 ಅಂದ್ರ ತಿಂಗಳದ್ದು, 10.8 ಅಂದ್ರ ಮೂರು ತಿಂಗಳದ್ದು. ತಿಂಗಳದ್ದು ಹಾಕಿಸಿ ಮೂರು ತಿಂಗಳು ಸುಮ್ನಿದ್ರ ಮಧ್ಯದಾಗ ಎರಡು ತಿಂಗಳು ರೋಗಕ್ಕ ರಜಾ ಕೊಟ್ಟಂಗ. ಎಷ್ಟು ಡಿಗ್ರಿಯೊಳಗ ಇಡಬೇಕು ಅಂತಾನೂ ಅಲ್ಲೇ ಬರ್ದಿರತೈತಿ. ನಮ್ಮ ಏಪ್ರಿಲ್ ಬಿಸಲಿಗೆ ಬೈಕಿನ ಡಿಕ್ಕಿಯೊಳಗ ಇಟ್ಕೊಂಡು ಹೋಗಬ್ಯಾಡ್ರಿ.

ಎಂಆರ್‌ಪಿ ನೋಡಿ ಎದೆ ಒಡ್ಕೋಬ್ಯಾಡ್ರಿ. ಒಂದೇ ಔಷಧದ ಬೇರೆ ಬೇರೆ ಕಂಪನಿ ದರದಾಗ ಭಾಳ ಫರಕು ಐತಿ. 2019ರಾಗ ಕೇಂದ್ರದವರು 42 ಕ್ಯಾನ್ಸರ್ ಔಷಧದ ವ್ಯಾಪಾರದ ಲಾಭಕ್ಕ 30 ಪರ್ಸೆಂಟ್ ಮಿತಿ ಹಾಕಿದ್ರು. ಚೀಟಿಯೊಳಗ ಔಷಧದ ಮೂಲ ಹೆಸರು ಬರೆಸಿಕೊಳ್ರಿ, ಮೂರು ಕಡೆ ದರ ಕೇಳ್ರಿ. ಜನೌಷಧಿಯಾಗ ಕ್ಯಾನ್ಸರ್ ಮಾತ್ರೆನೂ ಬರ್ತಾವ, ಆದ್ರ ಎಲ್ಲಾ ಅಂಗಡಿಯೊಳಗ ಇಟ್ಟಿರಂಗಿಲ್ಲ, ಹೇಳಿ ತರಿಸ್ಬೇಕು.

ವಾಣಿವಿಲಾಸ:
ಸ್ಕ್ಯಾನ್ ಬಗ್ಗೆ. ಬೋನ್ ಸ್ಕ್ಯಾನಿಗೆ ಕೈಗೆ ಸಣ್ಣ ಇಂಜೆಕ್ಷನ್ ಕೊಟ್ಟು ಎರಡು ಮೂರು ಗಂಟೆ ಕೂರಿಸ್ತಾರೆ. ಆ ಹೊತ್ತಲ್ಲಿ ಚೆನ್ನಾಗಿ ನೀರು ಕುಡಿದು, ಸ್ಕ್ಯಾನಿಗೆ ಮುಂಚೆ ಮೂತ್ರ ಖಾಲಿ ಮಾಡಿಸಿ. ಹಳೇ ಏಟು, ಮಂಡಿ ಸವೆತ, ಮುರಿದು ಕೂಡಿದ ಪಕ್ಕೆಲುಬು ಎಲ್ಲಾ ಆ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತೆ. ಹೊಲದಲ್ಲಿ ದುಡಿದ ಮೈ ಅಂದ್ರೆ ನಾಲ್ಕು ಕಡೆ ಕಂಡೇ ಕಾಣುತ್ತೆ. ಎಲ್ಲಾ ಕಪ್ಪು ಚುಕ್ಕೆ ಕ್ಯಾನ್ಸರ್ ಅಲ್ಲ. ಯಾವಾಗ ಎಲ್ಲಿ ಬಿದ್ದಿದ್ರು ಅಂತ ಮೊದಲೇ ಹೇಳಿ, ವರದಿ ಬರೆಯೋರಿಗೆ ಅನುಕೂಲ.

ಪೆಟ್ ಸ್ಕ್ಯಾನ್ ಬರೆದ್ರೆ ಚೀಟಿಯಲ್ಲಿ ಪಿಎಸ್‌ಎಂಎ ಪೆಟ್ ಅಂತ ಇದೆಯಾ ನೋಡಿ. ಬೇರೆ ಕ್ಯಾನ್ಸರುಗಳಿಗೆ ಮಾಡೋ ಎಫ್‌ಡಿಜಿ ಪೆಟ್ ಇದಕ್ಕೆ ಅಷ್ಟಾಗಿ ಕೆಲಸಕ್ಕೆ ಬರಲ್ಲ, ಏನೂ ಕಾಣಿಸಲಿಲ್ಲ ಅಂತ ಸುಮ್ಮನೆ ನಿಟ್ಟುಸಿರು ಬಿಡ್ತೀರಿ. ಪಿಎಸ್‌ಎಂಎಗೆ ಬಳಸೋ ಗ್ಯಾಲಿಯಂ-68 ಪ್ರತಿ 68 ನಿಮಿಷಕ್ಕೆ ಅರ್ಧ ಆಗುತ್ತೆ. ನಿಮ್ಮ ಹೆಸರಲ್ಲಿ ತಯಾರು ಮಾಡಿದ್ದು ನಿಮಗೋಸ್ಕರ ಕಾಯಲ್ಲ. ಬೆಳಿಗ್ಗೆ 9ಕ್ಕೆ ಅಂದ್ರೆ ಬೆಳಗಿನ ಜಾವ ಬಸ್ ಹತ್ತಿ ತುಮಕೂರು ರಸ್ತೆ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಳ್ಳೋ ಬದ್ಲು ಹಿಂದಿನ ರಾತ್ರಿನೇ ಅಲ್ಲಿ ಇರಿ.

ಇನ್ನೊಂದು, ಈಗ ಎಂಆರ್‌ಐ ಬರೆದ್ರೆ ಬಯಾಪ್ಸಿ ಆಗಿ ಎಷ್ಟು ದಿನ ಆಯ್ತು ಅಂತ ಹೇಳಿ. ಒಳಗೆ ರಕ್ತ ಕಟ್ಟಿರೋದು ಗಡ್ಡೆ ತರಹವೇ ಕಾಣುತ್ತೆ. ಆರೆಂಟು ವಾರ ಬಿಟ್ಟು ಮಾಡಿಸಿದ್ರೆ ಚಿತ್ರ ಸ್ಪಷ್ಟ. ಅದಕ್ಕೇ ಈಗ ಬಯಾಪ್ಸಿಗಿಂತ ಮೊದಲೇ ಎಂಆರ್‌ಐ ಮಾಡಿಸೋದು.

ಹೊಳಲ್ಕೆರೆ ಅಕ್ಕ:
ಕಾಗದ ಪತ್ರದ್ದು ನಾನು ಹೇಳ್ತೀನಿ. ಗಂಡಸರು ಇದನ್ನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿಗೆ ಹಾಕಿ ಮರೀತಾರೆ.

ಒಂದು ನೂರು ಪುಟದ ನೋಟ್‌ಬುಕ್. ಪಿಎಸ್‌ಎ ಪ್ರತಿ ಸಲ ಬಂದಿದ್ದು ಒಂದು ಸಾಲು: ದಿನಾಂಕ, ಸಂಖ್ಯೆ, ಲ್ಯಾಬ್, ಆಗ ಯಾವ ಮಾತ್ರೆ ನಡೀತಿತ್ತು. ಆದಷ್ಟೂ ಒಂದೇ ಲ್ಯಾಬಲ್ಲಿ ಮಾಡಿಸಿ, ಯಂತ್ರ ಬದಲಾದ್ರೆ ಸಂಖ್ಯೆನೂ ಅಷ್ಟಿಷ್ಟು ಬದಲಾಗುತ್ತೆ. ಕ್ರಿಯಾಟಿನಿನ್, ಸಕ್ಕರೆ, ಬಿಪಿ ಪಕ್ಕದ ಪುಟದಲ್ಲಿ.

ಬಯಾಪ್ಸಿ ಮಾಡಿದ ಲ್ಯಾಬಿಗೆ ಒಂದು ಅರ್ಜಿ ಬರೆದು ಸ್ಲೈಡು, ಬ್ಲಾಕು ಎರಡೂ ಕೇಳಿ. ಬರೀ ವರದಿ ಹಿಡ್ಕೊಂಡು ಬೇರೆ ಆಸ್ಪತ್ರೆಗೆ ಹೋದ್ರೆ "ಬ್ಲಾಕ್ ತನ್ನಿ" ಅಂತ ವಾಪಸ್ ಕಳಿಸ್ತಾರೆ, ಒಂದು ಓಡಾಟ ದಂಡ. ಬ್ಲಾಕ್ ಅಂದ್ರೆ ಮೇಣದಲ್ಲಿ ಕೂರಿಸಿದ ಚೂರು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಮೆತ್ತಗಾಗುತ್ತೆ. ಸ್ಲೈಡಿಗೆ ಸಣ್ಣ ಡಬ್ಬಿ ಕೊಡ್ತಾರೆ, ಇಲ್ಲಾಂದ್ರೆ ಗಾಜು ಬಸ್ಸಿನ ಕುಲುಕಾಟಕ್ಕೆ ಒಡೆಯುತ್ತೆ. ಎರಡನೇ ಅಭಿಪ್ರಾಯ ಕೇಳಿದ್ರೆ ಇಲ್ಲಿನ ಡಾಕ್ಟರು ಸಿಟ್ಟಾಗ್ತಾರೆ ಅನ್ನೋ ಭಯ ಬಿಡಿ. ಗ್ಲೀಸನ್ ಅಂಕ ನೋಡೋರ ಕಣ್ಣಿಗೆ ತಕ್ಕಂತೆ ಒಂದು ಹೆಚ್ಚು ಕಮ್ಮಿ ಆಗೋದು ಅಪರೂಪ ಅಲ್ಲ.

ಆನಗೋಡು ತಿರುವು:
ಅಕ್ಕಾರೇ, ಬ್ಲಾಕ್ ವಿಚಾರ ಯಾರೂ ಹೇಳಿರಲಿಲ್ಲ. ನಾಳೆನೇ ಅರ್ಜಿ ಕೊಡ್ತೀನಿ. @ಲ್ಯಾಬ್ ಮೂಲೆ, ಹಳೇ ಚೀಟಿ ನೋಡಿದೆ, ಟ್ಯಾಮ್ಸುಲೋಸಿನ್ ಒಂದೇ ಇದೆ. ಯೋಜನೆದು ಹೇಗೆ?

ಭದ್ರಾ ನಾಲೆ:
ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದ್ರೆ ಪ್ಯಾಕೇಜ್ ದರದ ಶೇ 30, ಮಿತಿ ಒಂದೂವರೆ ಲಕ್ಷ. ಆಧಾರ್, ರೇಷನ್ ಕಾರ್ಡ್ ಎರಡರಲ್ಲೂ ಹೆಸರು ಒಂದೇ ತರಹ ಇರಬೇಕು. ಒಂದರಲ್ಲಿ "ತಿಪ್ಪೇಸ್ವಾಮಿ", ಇನ್ನೊಂದರಲ್ಲಿ "ತಿಪ್ಪೇಸ್ವಾಮಪ್ಪ" ಅಂತಿದ್ರೆ ಕೌಂಟರಲ್ಲಿ ನಿಂತೇ ಹೋಗುತ್ತೆ. ಮೊದಲು ಅದನ್ನ ಸರಿಮಾಡಿಸಿ.

ಮೊದಲು ಸರ್ಕಾರಿ ಆಸ್ಪತ್ರೆ. ದಾವಣಗೆರೆಯಲ್ಲಿ ಚಿಗಟೇರಿ, ನಿಮ್ಮ ಹಾಗೆ ಹೆದ್ದಾರಿ ಮೇಲಿನವರಿಗೆ ಹತ್ತಿರ ಅದೇ. ದುರ್ಗದವರಿಗೆ ಅಲ್ಲಿನ ಜಿಲ್ಲಾಸ್ಪತ್ರೆ. ಅಲ್ಲಿ ನೋಡಿ, ಆ ಸೌಲಭ್ಯ ಇಲ್ಲ ಅಂದ್ರೆ ರೆಫರಲ್ ಪತ್ರ ಕೊಡ್ತಾರೆ. ಆ ಪತ್ರ ಇಲ್ಲದೇ ನೇರ ಖಾಸಗಿಗೆ ಹೋದ್ರೆ, ತುರ್ತು ಅಲ್ಲದಿದ್ರೆ, ಯೋಜನೆ ಹಿಡಿಯಲ್ಲ. ಯೋಜನೆಯಲ್ಲಿರೋ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರ್ತಾರೆ. ಅವರ ಹತ್ರ ಕೇಳಬೇಕಾದ್ದು: ಈ ಚಿಕಿತ್ಸೆಗೆ ಪೂರ್ವಾನುಮತಿ ಬಂತಾ? ಸ್ಕ್ಯಾನ್ ಪ್ಯಾಕೇಜಿನ ಒಳಗಾ ಹೊರಗಾ? ಮನೆಗೆ ಬಂದ್ಮೇಲೆ ನುಂಗೋ ಮಾತ್ರೆ ಯಾರ ಖರ್ಚು? ಅನುಮತಿ ಬರೋ ಮುಂಚೆ ಕಟ್ಟಿದ ದುಡ್ಡು ವಾಪಸ್ ಬರುತ್ತೆ ಅಂತ ನಂಬಿಕೊಂಡು ಕೂರಬೇಡಿ. ಅನುಮಾನ ಇದ್ರೆ 104ಕ್ಕೆ ಫೋನ್ ಮಾಡಿ.

ದುರ್ಗದ ಗಾಳಿ:
ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗೋದಾದ್ರೆ?

ಭದ್ರಾ ನಾಲೆ:
ಸರ್ಕಾರದ್ದೇ ಸಂಸ್ಥೆ, ಅಲ್ಲೂ ಕಾರ್ಡ್ ನಡೆಯುತ್ತೆ. ಬೆಳಿಗ್ಗೆ ಬೇಗ ನೋಂದಣಿ ಸಾಲಿಗೆ ನಿಲ್ಲಬೇಕು. ಒಂದೇ ದಿನದಲ್ಲಿ ಮುಗಿಸಿ ಬರ್ತೀವಿ ಅಂತ ಹೋಗಬೇಡಿ. ಕರೆಂಟು ಅಂದ್ರೆ ಸೋಮವಾರದಿಂದ ಶುಕ್ರವಾರ ದಿನಾ ಹೋಗಬೇಕು, ಪ್ರಾಸ್ಟೇಟಿಗೆ ಈಗ ಹೆಚ್ಚಾಗಿ 20 ಸಲ, ಅಂದ್ರೆ ನಾಲ್ಕು ವಾರ. ಹಳೇ ಪದ್ಧತಿಯಲ್ಲಿ ಏಳೂವರೆ ಎಂಟು ವಾರ. "20 ಸಲ ಕೊಡೋಕೆ ಆಗುತ್ತಾ" ಅಂತ ಕೇಳಿ. ಊರು ಬಿಟ್ಟು ರೂಮು ಮಾಡಿಕೊಂಡು ಇರೋರಿಗೆ ಅದೊಂದು ತಿಂಗಳ ಬಾಡಿಗೆ ಉಳಿತಾಯ. ದಾವಣಗೆರೆ, ಹುಬ್ಬಳ್ಳಿ, ಮಣಿಪಾಲ ಎಲ್ಲೆಲ್ಲಿ ಯಾವ ಯಂತ್ರ ಇದೆ, ಎಲ್ಲಿ ಸಾಲು ಚಿಕ್ಕದು ಅಂತ ವಿಚಾರಿಸಿಯೇ ಬೆಂಗಳೂರು ಗಾಡಿ ಹತ್ತಿ.

ಚಿಕ್ಕಜಾಜೂರು ಜಂಕ್ಷನ್:
ರೈಲಿನ ರಿಯಾಯಿತಿ ಮರೀಬೇಡಿ. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ, ತಪಾಸಣೆಗೆ ಹೋಗಿಬರೋಕೆ ಸ್ಲೀಪರ್, ಥರ್ಡ್ ಎಸಿ ಪೂರ್ತಿ ಉಚಿತ, ಜತೆಗಿರೋ ಒಬ್ಬರಿಗೆ ಅದೇ ಬೋಗಿಯಲ್ಲಿ ಶೇ 75 ಕಡಿತ. ರೈಲ್ವೆ ನಮೂನೆಯಲ್ಲಿ ಆಸ್ಪತ್ರೆ ಡಾಕ್ಟರ ಸಹಿ, ಮೊಹರು ಬೇಕು, ಟಿಕೆಟ್ ಕೌಂಟರಲ್ಲೇ ತೆಗೆಸಬೇಕು. ಡಾಕ್ಟರ್ ಭೇಟಿ ದಿನವೇ ಹೋಗೋದು, ಬರೋದು ಎರಡಕ್ಕೂ ಸೇರಿಸಿ ಬರೆಸಿಕೊಳ್ಳಿ.

ದುರ್ಗದ ಗಾಳಿ:
ದಾವಣಗೆರೆಯೋರಿಗೆ ಬಿಡ್ರಪ್ಪ, ಮನೆ ಮುಂದೆ ರೈಲು. ನಮಗೆ ದುರ್ಗದಾಗೆ ಬಸ್ಸೇ ಗತಿ. ತುಮಕೂರು ನೇರ ಲೈನ್ ಮುಗಿಯೋದು ಯಾವ ಕಾಲಕ್ಕೋ.

ಚಿಕ್ಕಜಾಜೂರು ಜಂಕ್ಷನ್:
ಅದಕ್ಕೆ ಬೇರೆ ಚರ್ಚೆ ತೆಗೀರಿ, ನಾನೂ ನಾಲ್ಕು ಪುಟ ಬೈತೀನಿ.

ರಾತ್ರಿಪಾಳಿ:
ಕರೆಂಟು ಅಂದಾಗ ಒಂದು ತಯಾರಿ. ಪ್ರತಿದಿನ ಮೂತ್ರಕೋಶ ತುಂಬಿರಬೇಕು, ಗುದನಾಳ ಖಾಲಿ ಇರಬೇಕು. ಮೂತ್ರಕೋಶ ತುಂಬಿದ್ರೆ ಕರುಳು ಮೇಲಕ್ಕೆ ಸರಿಯುತ್ತೆ, ಕಿರಣ ಬೀಳೋದು ತಪ್ಪುತ್ತೆ. ಸಾಮಾನ್ಯವಾಗಿ ಮೂತ್ರ ಮಾಡಿ ಬಂದು, ಅರ್ಧ ಲೀಟರಿನಷ್ಟು ನೀರು ಕುಡಿದು, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಾಯಿಸ್ತಾರೆ. ಅಳತೆ, ಸಮಯ ಅಲ್ಲಿನ ಟೆಕ್ನಿಷಿಯನ್ ಹೇಳಿದ್ದೇ ಅಂತಿಮ. ಒಂದು ದಿನ ಒಂದು ಲೋಟ, ಇನ್ನೊಂದು ದಿನ ಒಂದು ಲೀಟರ್ ಕುಡಿದ್ರೆ ಅಂಗದ ಜಾಗವೇ ಬದಲಾಗುತ್ತೆ. ಹೊಟ್ಟೆ ಉಬ್ಬರಿಸೋ ಕಡ್ಲೆಬೇಳೆ, ಹುರುಳಿ, ಎಲೆಕೋಸು ಆ ನಾಲ್ಕು ವಾರ ಕಮ್ಮಿ ಇರಲಿ. ಮಲ ಕಟ್ಟಿದ್ರೆ ಮೊದಲೇ ಹೇಳಿ, ಮಾತ್ರೆ ಕೊಡ್ತಾರೆ.

ಮಂಡಕ್ಕಿ ಮಿರ್ಚಿ:
ಅಂದ್ರೆ ಮಿರ್ಚಿ ಬಜ್ಜಿ ಬಂದ್? ದಾವಣಗೆರೇಲಿ ಇದ್ದೂ?

ರಾತ್ರಿಪಾಳಿ:
ಕಡ್ಲೆಹಿಟ್ಟು, ಎಣ್ಣೆ, ಖಾರ. ನಾಲ್ಕು ವಾರ ಬಂದ್. ಹಾರ್ಮೋನ್ ಇಂಜೆಕ್ಷನ್ ಶುರುವಾದ್ಮೇಲೆ ಮೈ ಝುಮ್ಮಂತ ಬಿಸಿಯೇರಿ ಬೆವರು ಕಿತ್ತುಕೊಂಡು ಬರುತ್ತಲ್ಲ, ಅದಕ್ಕೂ ಖಾರ, ಸುಡೋ ಚಹಾ ಕುಮ್ಮಕ್ಕು ಕೊಡ್ತವೆ. ಹತ್ತಿ ಬನಿಯನ್, ಹಾಸಿಗೆ ಪಕ್ಕ ಒಣ ಟವೆಲ್, ಮಲಗೋ ಕಡೆ ಗಾಳಿ. ನಿದ್ದೆ ಕೆಡೋ ಮಟ್ಟಕ್ಕೆ ಹೋದ್ರೆ ಡಾಕ್ಟರಿಗೆ ಹೇಳಿ, ಅದಕ್ಕೂ ಔಷಧ ಇದೆ.

ಸೂಳೆಕೆರೆ ದಂಡೆ:
ಎಲ್ಲಾ ಇಂಗ್ಲಿಷ್ ಔಷಧದ ಪ್ರಚಾರ ಆಯ್ತು. ಚಕ್ಕೆ ಕಷಾಯ, ಲಕ್ಷ್ಮಣಫಲ, ಅರಿಶಿನ ಇವನ್ನೂ ನೋಡ್ರಿ. ಸೈಡ್ ಎಫೆಕ್ಟ್ ಇಲ್ಲ. ಎಷ್ಟು ಜನಕ್ಕೆ ಪಿಎಸ್‌ಎ ಇಳಿದಿಲ್ಲ?

ಲ್ಯಾಬ್ ಮೂಲೆ:
ಪಿಎಸ್‌ಎ ಇಳಿಯೋಕೆ ಕ್ಯಾನ್ಸರ್ ಇಳೀಬೇಕು ಅಂತಿಲ್ಲ. ಮೂತ್ರದ ಸೋಂಕು ಇದ್ದಾಗ ತೆಗೆದ ಪಿಎಸ್‌ಎ ಸೋಂಕು ವಾಸಿಯಾದ ಮೇಲೆ ತಾನೇ ಇಳಿಯುತ್ತೆ. ಮೂತ್ರದ ಪೈಪ್ ತೆಗೆದ ಮೇಲೆ ಇಳಿಯುತ್ತೆ. ಆ ಹೊತ್ತಿಗೆ ಕುಡಿದಿದ್ದ ಕಷಾಯಕ್ಕೆ ಹೆಸರು ಬರುತ್ತೆ. ದೊಡ್ಡಪ್ಪನವರದು ಬರೀ ಪಿಎಸ್‌ಎ ಅಲ್ಲ, 7 ಚೂರಲ್ಲಿ ಕಣ್ಣಾರೆ ಕಂಡಿರೋದು.

ಸೈಡ್ ಎಫೆಕ್ಟ್ ಇಲ್ಲ ಅನ್ನೋದನ್ನ ಒಪ್ಪಲ್ಲ. ಬೈಕಲುಟಮೈಡ್, ಅಬಿರಾಟೆರೋನ್ ಎರಡಕ್ಕೂ ಲಿವರ್ ಮೇಲೆ ಕಣ್ಣಿಡಬೇಕು. ಅಬಿರಾಟೆರೋನಿಗೆ ಮೊದಲ ಮೂರು ತಿಂಗಳು ಎರಡು ವಾರಕ್ಕೊಮ್ಮೆ ಲಿವರ್ ಪರೀಕ್ಷೆ, ಜತೆಗೆ ಬಿಪಿ, ಪೊಟ್ಯಾಸಿಯಂ. ಮಧ್ಯದಲ್ಲಿ ಏನಿದೆ ಅಂತ ಗೊತ್ತಿಲ್ಲದ ಕಷಾಯ ಹೊಕ್ಕು ಲಿವರ್ ಅಂಕಿ ಏರಿದ್ರೆ, ಯಾವುದರಿಂದ ಅಂತ ತಿಳಿಯದೆ ಡಾಕ್ಟರು ಕೆಲಸ ಮಾಡ್ತಿರೋ ಮಾತ್ರೆಯನ್ನೇ ನಿಲ್ಲಿಸ್ತಾರೆ.

ಸೂಳೆಕೆರೆ ದಂಡೆ:
ನಂಬಿಕೆ ಅನ್ನೋದೂ ಒಂದು ಇರತೈತಿ ಅಣ್ಣಾರೇ.

ಹೊಳಲ್ಕೆರೆ ಅಕ್ಕ:
ಇರಲಿ. ನಂಬಿಕೆಗೆ ತಿಪ್ಪೇರುದ್ರಸ್ವಾಮಿ ಇದ್ದಾನೆ, ನಾಯಕನಹಟ್ಟಿಗೆ ಹೋಗಿ ಹಣ್ಣುಕಾಯಿ ಮಾಡಿಸಿ ಬನ್ನಿ, ಲಿವರಿಗೆ ಏನೂ ಆಗಲ್ಲ. ಕಷಾಯ ಕುಡಿಸಲೇಬೇಕು ಅಂತ ಮನೇಲಿ ಹಟ ಹಿಡಿದ್ರೆ ಡಾಕ್ಟರಿಂದ ಮುಚ್ಚಿಡಬೇಡಿ, ಅಷ್ಟೇ.

ಮೆಡಿಕಲ್ ಶಾಪ್ ಬೆಂಚು:
ಅಬಿರಾಟೆರೋನ್ ಮಾತು ಬಂತು ಅಂತ ಹೇಳ್ತೀನಿ. ಅದು ಖಾಲಿ ಹೊಟ್ಟೆಗೆ. ಊಟ ಆಗಿ ಎರಡು ತಾಸಿನ ಮ್ಯಾಲೆ, ನುಂಗಿದ ಮ್ಯಾಲೆ ಒಂದು ತಾಸು ಏನೂ ತಿನ್ನಂಗಿಲ್ಲ. ಬೆಣ್ಣೆದೋಸೆ ತಿಂದು ನುಂಗಿದ್ರ ರಕ್ತದಾಗ ಔಷಧ ಹಲವು ಪಟ್ಟು ಏರತೈತಿ. ಕೆಲವು ಡಾಕ್ಟರು ಖರ್ಚು ಇಳಿಸಾಕ 1000ದ ಬದ್ಲು 250 ಮಿಲಿಗ್ರಾಂ ತಿಂಡಿ ಜತಿ ಕೊಡ್ತಾರ. ಅದು ಅವರು ಹೇಳಿದ್ರ ಮಾತ್ರ, ನೀವೇ ಕಮ್ಮಿ ಮಾಡ್ಕೋಬ್ಯಾಡ್ರಿ. ಜತಿಗೆ ಕೊಡೋ ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ "ಸ್ಟೀರಾಯ್ಡ್ ಕೆಟ್ಟದ್ದು" ಅಂತ ಒಮ್ಮೆಲೆ ಬಿಟ್ರ ಬಿಪಿ ಏರಿ ಪೊಟ್ಯಾಸಿಯಂ ಇಳೀತೈತಿ. ದೊಡ್ಡಪ್ಪಾರಿಗೆ ಸಕ್ಕರೆ ಐತಿ ಅಂದ್ರಿ, ಸ್ಟೀರಾಯ್ಡ್ ಶುರುವಾದ್ರ ಸಕ್ಕರೆ ಮಾತ್ರೆ ಲೆಕ್ಕ ಬದಲಾಗಬಹುದು.

ಕಣಿವೆ ಮಾರಮ್ಮ ರೋಡ್:
ಮೂಳೆ ಬಗ್ಗೆ ಯಾರೂ ಹೇಳಿಲ್ಲ? ಹಾರ್ಮೋನ್ ಇಳಿದ್ರೆ ಮೂಳೆ ಟೊಳ್ಳಾಗುತ್ತೆ, ಸ್ನಾಯು ಕರಗುತ್ತೆ, ಹೊಟ್ಟೆ ಬರುತ್ತೆ. ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಕಡೆಯವರಿಗೆ ಸುಲಭ: 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ, ಅರ್ಧ ಲೀಟರ್ ಹಾಲು ಮೊಸರಲ್ಲಿ ಸುಮಾರು 600. ಮುದ್ದೆ, ಮೊಸರು, ಸೊಪ್ಪಿನ ಸಾರು ಉಂಡೋರಿಗೆ ಕಾಲು ಭಾಗ ಮಾತ್ರ ಮಾತ್ರೆಯಿಂದ ಬಂದ್ರೆ ಸಾಕು. ವಿಟಮಿನ್ ಡಿ 60,000ದ ಪುಡಿ ಅಥವಾ ಕ್ಯಾಪ್ಸೂಲ್ ಬರೆದ್ರೆ ಅದು ವಾರಕ್ಕೊಂದು. ದಿನಾ ಒಂದು ನುಂಗಿ ಕ್ಯಾಲ್ಸಿಯಂ ಏರಿಸಿಕೊಂಡು ವಾಂತಿ, ಮಂಪರು ಅಂತ ದಾಖಲಾಗೋರು ಇದ್ದಾರೆ.

ಬರೀ ವಾಕಿಂಗ್ ಸಾಲದು. ಕುರ್ಚಿಯಿಂದ ಕೈ ಊರದೇ ಹತ್ತು ಸಲ ಎದ್ದು ಕೂರೋದು, ದಿನಕ್ಕೆ ಮೂರು ಸಲ. ಗೋಡೆ ಹಿಡಿದು ಹಿಮ್ಮಡಿ ಎತ್ತೋದು. ಮೂಳೆಗೆ ಹರಡಿದೆ ಅಂತ ಸ್ಕ್ಯಾನ್ ಹೇಳಿದ್ರೆ ಮಾತ್ರ ಡಾಕ್ಟರನ್ನ ಕೇಳಿ, ಭಾರ ಎತ್ತೋದು, ಬಗ್ಗೋದು ಬೇಡ ಅನ್ನಬಹುದು.

ಸೂಳೆಕೆರೆ ದಂಡೆ:
ಮೂಳೆ ಇಂಜೆಕ್ಷನ್ ಅಂತ ಒಂದು ಕೊಡ್ತಾರಲ್ಲ, ಅದು?

ಕಣಿವೆ ಮಾರಮ್ಮ ರೋಡ್:
ಜೊಲೆಡ್ರೊನಿಕ್ ಆಸಿಡ್. ಅದಕ್ಕೆ ಮುಂಚೆ ಹಲ್ಲಿನ ಡಾಕ್ಟರ ಹತ್ರ ಹೋಗಿ. ಕೀಳಬೇಕಾದ ಹಲ್ಲು ಮೊದಲೇ ಕಿತ್ತು ಗಾಯ ಒಣಗಿರಬೇಕು. ಇಂಜೆಕ್ಷನ್ ನಡೀತಿರುವಾಗ ಹಲ್ಲು ಕಿತ್ರೆ ದವಡೆ ಮೂಳೆ ಕೊಳೆಯೋ ಅಪಾಯ. ನಿಮ್ಮ ಚನ್ನಗಿರಿ ಕಡೆ ಅಡಿಕೆ ಜಗಿದು ಹಲ್ಲು ಅಲ್ಲಾಡೋರೇ ಜಾಸ್ತಿ, ನೆನಪಿರಲಿ. ಕಿಡ್ನಿ ಅಂಕಿ ನೋಡಿ ಡೋಸ್ ಹಾಕ್ತಾರೆ.

ಆನಗೋಡು ತಿರುವು:
ಎಲ್ಲಾ ಬರ್ಕೊಂಡೆ. ಹೇಳೋದಾ ಬೇಡ್ವಾ ಅನ್ನೋದು ಮಾತ್ರ ಮನೇಲಿ ಬಗೆಹರಿದಿಲ್ಲ. ದೊಡ್ಡಮ್ಮ ಬೇಡವೇ ಬೇಡ ಅಂತಿದ್ದಾರೆ.

ಹಳೇ ಪೇಟೆ:
ಹೇಳದೇ ಎಷ್ಟು ದಿನ? ಆಪರೇಷನ್ನಿಗೆ ಸಹಿ ಅವರದೇ ಬೇಕು. ಕಿದ್ವಾಯಿ ಗೇಟಿನ ಬೋರ್ಡೇ ಎಲ್ಲಾ ಹೇಳುತ್ತೆ.

ವಾಣಿವಿಲಾಸ:
ಬೋರ್ಡ್ ಹೇಳೋಕೆ ಬಿಡೋದಕ್ಕಿಂತ ಮನೆಯವರು ಹೇಳೋದು ಮೇಲು. ಹೇಗೆ ಅಂದ್ರೆ, ಜನ ಕಮ್ಮಿ ಇರೋ ಹೊತ್ತು ನೋಡಿ, ದೊಡ್ಡಮ್ಮ, ಅವರು ಮಾತು ಕೇಳೋ ಒಬ್ಬರು, ಅಷ್ಟೇ ಇರಿ. ಮೊದಲು "ಡಾಕ್ಟರು ನಿಮಗೆ ಏನು ಹೇಳಿದ್ರು, ನಿಮಗೆ ಏನನ್ನಿಸ್ತಿದೆ" ಅಂತ ಕೇಳಿ. ಅರ್ಧ ಅವರಿಗೇ ಗೊತ್ತಿರುತ್ತೆ. ಆಮೇಲೆ "ಪೂರ್ತಿ ತಿಳ್ಕೋಬೇಕಾ, ಇಲ್ಲ ನಾವು ನೋಡ್ಕೊಳ್ಳೋದಾ" ಅಂತ ಕೇಳಿ. ಅವರು "ನೀವೇ ನೋಡ್ಕೊಳ್ರಿ" ಅಂದ್ರೆ ಅದೂ ಒಂದು ಉತ್ತರ. ತಿಳ್ಕೋಬೇಕು ಅಂದ್ರೆ ರೋಗದ ಹೆಸರು ಹೇಳಿ, ಮುಂದಿನ ಪರೀಕ್ಷೆ ಯಾವತ್ತು ಅಂತ ಹೇಳಿ, ಅಲ್ಲಿಗೆ ನಿಲ್ಲಿಸಿ. ವರ್ಷದ ಲೆಕ್ಕ ಹೇಳೋಕೆ ಹೋಗಬೇಡಿ, ಸ್ಕ್ಯಾನ್ ಇಲ್ಲದೇ ಅದು ಬರೀ ಊಹೆ. ಯಾರಿಗೆ ಹೇಳ್ಬೇಕು, ಯಾರಿಗೆ ಬೇಡ ಅನ್ನೋದನ್ನ ಅವರೇ ತೀರ್ಮಾನಿಸಲಿ. ಸೇಬು ಹಿಡ್ಕೊಂಡು ಬರೋ ನೆಂಟರ "ಇಂಥೋರಿಗೂ ಹಿಂಗೇ ಆಗಿತ್ತು" ಅನ್ನೋ ಕಥೆಯನ್ನ ಬಾಗಿಲಲ್ಲೇ ತಡೆಯೋಕೆ ಒಬ್ಬರನ್ನ ನೇಮಿಸಿ.

ರಾತ್ರಿಪಾಳಿ:
ಗಂಡಸರು ಬಾಯಿಬಿಟ್ಟು ಕೇಳದ ಒಂದು ಪ್ರಶ್ನೆ ಇರುತ್ತೆ, ನೇರವಾಗಿ ಹೇಳ್ಬಿಡೋದು ಒಳ್ಳೇದು. ಹಾರ್ಮೋನ್ ಇಳಿಸಿದ್ರೆ ಆಸೆ, ನಿಮಿರುವಿಕೆ ಎರಡೂ ಕುಗ್ಗುತ್ತೆ. ಹೋರಿಗೆ ಬೀಜ ಒಡೆದ ಹಾಗೆ ಅಂತ ಊರಿನವರು ಆಡ್ಕೋತಾರೆ ಅನ್ನೋ ಸಂಕೋಚಕ್ಕೆ ಚಿಕಿತ್ಸೆಯನ್ನೇ ಬಿಡೋರಿದ್ದಾರೆ. ಆಪರೇಷನ್ನಿನಲ್ಲೂ ಚೀಲ ಹಾಗೇ ಉಳಿಸಿ ಒಳಗಿನದು ಮಾತ್ರ ತೆಗೆಯೋ ವಿಧಾನ ಇದೆ, ಹೊರಗೆ ಅಷ್ಟಾಗಿ ಗೊತ್ತಾಗಲ್ಲ. ದನಿ ಬದಲಾಗಲ್ಲ. ಎದೆ ಸ್ವಲ್ಪ ಉಬ್ಬಿ ನೋವಾಗಬಹುದು, ಬೈಕಲುಟಮೈಡ್ ಒಂದನ್ನೇ ತಗೊಳ್ಳೋರಿಗೆ ಅದು ಜಾಸ್ತಿ. ದೊಡ್ಡಮ್ಮನವರಿಗೂ ಇದು ತಿಳಿದಿರಲಿ, ಗಂಡ ಮಾತು ಕಮ್ಮಿ ಮಾಡಿ ದೂರ ಸರಿದ್ರೆ ಕಾರಣ ಗೊತ್ತಿರಬೇಕಲ್ಲ.

ಮನಸ್ಸು ಕುಗ್ಗೋದೂ ಅದೇ ಔಷಧದ ಕೆಲಸ ಇರಬಹುದು. ಎರಡು ವಾರದ ಮೇಲೂ ಊಟ, ನಿದ್ದೆ, ಮಾತು ಬಿಟ್ಟು ಕೂತ್ರೆ "ಧೈರ್ಯ ತಗೊಳ್ಳಿ" ಅಂದ್ರೆ ಸಾಲದು. 14416 ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗದಲ್ಲೂ ತೋರಿಸಬಹುದು.

ದುರ್ಗದ ಗಾಳಿ:
ಗ್ರಂಥಿನೇ ತೆಗೆಯೋ ದೊಡ್ಡ ಆಪರೇಷನ್ ಬಗ್ಗೆ ಯಾರೂ ಮಾತೇ ಆಡ್ತಿಲ್ವಲ್ಲ?

ಲ್ಯಾಬ್ ಮೂಲೆ:
ಹೊರಗೆ ಹರಡದಿದ್ರೆ ಅದೂ ಒಂದು ದಾರಿನೇ. 71, ಸಕ್ಕರೆ, ಬಿಪಿ ಅಂದಾಗ ಅರಿವಳಿಕೆ ಡಾಕ್ಟರ ಮಾತೂ ಬೇಕು. ಮಾಡಿಸಿದ್ರೆ ಒಂದೆರಡು ವಾರ ಪೈಪ್ ಇರುತ್ತೆ, ಪೈಪ್ ತೆಗೆದ ಮೇಲೆ ಕೆಲವು ತಿಂಗಳು ಕೆಮ್ಮಿದ್ರೆ, ಎದ್ರೆ ಮೂತ್ರ ಸೋರುತ್ತೆ. ಅದಕ್ಕೆ ವ್ಯಾಯಾಮ ಆಪರೇಷನ್ನಿಗೆ ಮುಂಚೆಯೇ ಕಲೀಬೇಕು: ಹೂಸು ತಡೆಯೋ ಹಾಗೆ ಒಳಗೆ ಬಿಗಿಹಿಡಿದು ಐದರಿಂದ ಹತ್ತು ಸೆಕೆಂಡ್, ಬಿಡೋದು. ಹತ್ತು ಸಲ, ದಿನಕ್ಕೆ ಮೂರು ಬಾರಿ. ಪೈಪ್ ಇರುವಾಗ ಮಾಡಬಾರದು, ಮೂತ್ರ ಹೊಯ್ಯುವಾಗ ನಡುವೆ ತಡೆದು ಅಭ್ಯಾಸ ಮಾಡಬಾರದು. ಹೊಟ್ಟೆ, ತೊಡೆ ಬಿಗಿಯಾದ್ರೆ ತಪ್ಪು ಮಾಡ್ತಿದ್ದೀರಿ ಅಂತ ಲೆಕ್ಕ. ಗ್ರಂಥಿ ತೆಗೆದ ಮೇಲೆ ಪಿಎಸ್‌ಎ ಹೆಚ್ಚುಕಮ್ಮಿ ಸೊನ್ನೆ ಆಗ್ಬೇಕು, 0.2 ದಾಟಿದ್ರೆ ಮತ್ತೆ ಯೋಚನೆ. ಕರೆಂಟು ಕೊಡಿಸಿದೋರಿಗೆ ಆ ಲೆಕ್ಕ ಹಾಕಬಾರದು, ಗ್ರಂಥಿ ಅಲ್ಲೇ ಇರುತ್ತಲ್ಲ. ಇಳಿದ ಅತಿ ಕಡಿಮೆ ಸಂಖ್ಯೆಗಿಂತ 2 ಏರಿದ್ರೆ ಆಗ ನೋಡ್ತಾರೆ.

ಹಳೇ ಪೇಟೆ:
ತಮ್ಮ, ನಿಮ್ಮ ದೊಡ್ಡಪ್ಪನ ಮಕ್ಕಳಿಗೆ, ಅಣ್ಣತಮ್ಮಂದಿರಿಗೂ ಹೇಳಿಬಿಡಿ. ತಂದೆಗೋ ಅಣ್ಣನಿಗೋ ಇದ್ರೆ 45ರಿಂದಲೇ ಪಿಎಸ್‌ಎ ಬಗ್ಗೆ ಡಾಕ್ಟರ ಹತ್ರ ಮಾತಾಡೋದು ಒಳ್ಳೇದು. ಮನೆತನದಲ್ಲಿ ಸ್ತನ, ಅಂಡಾಶಯದ ಕ್ಯಾನ್ಸರ್ ಇದ್ದ ಹೆಣ್ಣುಮಕ್ಕಳಿದ್ರೆ ಅದನ್ನೂ ಹೇಳ್ಬೇಕು, ಒಂದೇ ವಂಶವಾಹಿ ಎರಡಕ್ಕೂ ಕಾರಣ ಇರಬಹುದು.

ಆನಗೋಡು ತಿರುವು:
ಬೋನ್ ಸ್ಕ್ಯಾನಿಗೆ ಗುರುವಾರ ದಿನ ಸಿಕ್ಕಿದೆ. ಬ್ಲಾಕ್‌ಗೆ ಅರ್ಜಿ ಕೊಟ್ಟೆ, ನಾಳಿದ್ದು ಬನ್ನಿ ಅಂದ್ರು. ಚಕ್ಕೆ ಗಾಡಿ ಸದ್ಯಕ್ಕೆ ನಿಲ್ಲಿಸಿದ್ದೀವಿ. ಇನ್ನೊಂದೇ ಪ್ರಶ್ನೆ, ಪಿಎಸ್‌ಎ ಮತ್ತೆ ತೆಗೆಸೋಕೆ ಖಾಲಿ ಹೊಟ್ಟೆ ಬೇಕಾ?

ಲ್ಯಾಬ್ ಮೂಲೆ:
ಬೇಡ. ಅದೇ ದಿನ ಸಕ್ಕರೆ ಪರೀಕ್ಷೆನೂ ಇದ್ರೆ ಮಾತ್ರ. ಇಂಜೆಕ್ಷನ್ ಶುರು ಮಾಡೋ ಮುಂಚೆಯೇ ಪಿಎಸ್‌ಎ ಜತೆ ಟೆಸ್ಟೋಸ್ಟೆರಾನ್ ಕೂಡ ಒಂದು ಸಲ ತೆಗೆಸಿಡಿ. ಆಮೇಲೆ 50ರ ಕೆಳಗೆ ಇಳಿದಿದೆಯಾ ಅಂತ ಹೋಲಿಸೋಕೆ ಬೇಕಾಗುತ್ತೆ.

ಮಂಡಕ್ಕಿ ಮಿರ್ಚಿ:
ಹಂಗಾದ್ರೆ ಬೆಣ್ಣೆದೋಸೆ ತಿಂದೇ ಹೋಗಬಹುದು.

ಮೆಡಿಕಲ್ ಶಾಪ್ ಬೆಂಚು:
ಸಕ್ಕರೆ ಐತಿ ಅಂದಾರಪ್ಪ, ಒಂದೇ ದೋಸೆ.